ಆಟೀನು, ಕಳಾವರ ಮತ್ತು ನಮ್ಮ ಗಣಪು

ಶಿರಸಿ
ಭಾನುವಾರ, ಮಧ್ಯಾಹ್ನ

ಪ್ರೀತಿಯ ತಮಾ,

ಇತ್ತ ಎಲ್ಲರೂ ಕ್ಷೇಮ. ಅತ್ತ ನಿನ್ನ ಕ್ಷೇಮಕ್ಕೆ ಕಾಗದ ಬರೆಯುತ್ತಿರು. ಅಪ್ಪಯ್ಯ ಕಲಿಸಿದ ಈ ಎರಡು ಸಾಲು ಬರೆಯದಿದ್ದರೆ ನನಗೆ ಪತ್ರ ಮುಂದೆ ಹೋಗುವುದೇ ಇಲ್ಲ. ವಾಟ್ಸಾಪಿನಲ್ಲಿ ಹಾಕಬಹುದಿತ್ತು. ಹಾಕಿದರೆ ನೀನು ಮೀಟಿಂಗಿನ ನಡುವೆ ಅರ್ಧ ಓದಿ, ಹೆಬ್ಬೆರಳಿನ ಚಿತ್ರ ಒತ್ತಿ ಮುಗಿಸುತ್ತೀ. ಫೋನು ಮಾಡಿದರೆ ನಾನೇ ಅಂಜಿ ಮಾತು ತಿರುಗಿಸಿ ಅಡಿಕೆ ದರಕ್ಕೋ ಕೊಳೆರೋಗಕ್ಕೋ ಹೋಗಿಬಿಡುತ್ತೇನೆ. ಐದು ವರ್ಷದಿಂದ ಹಾಗೇ ಆಗುತ್ತ ಬಂದಿದೆ. ಅದಕ್ಕೇ ಕಾಗದ ಹಿಡಿದು ಕೂತಿದ್ದು.

ಹೋದ ವಾರ ತವರಿಗೆ ಹೋದಾಗ ಆಯಿ ಅಟ್ಟ ಗುಡಿಸು ಅಂದಳು. ಹಳೇ ಪಂಚಾಂಗಗಳ ಕಟ್ಟಿನ ಕೆಳಗೆ ನನ್ನ ಹಳೇ ಫೋನು ಸಿಕ್ಕಿತು. ಮೂಲೆ ಒಡೆದ ಗಾಜು, ಹಿಂದೆ ನೀನೇ ಅಂಟಿಸಿದ ಟೇಪು, ಎಲ್ಲ ಹಾಗೇ ಇದೆ. ಅರ್ಧ ತಾಸು ಚಾರ್ಜಿಗಿಟ್ಟ ಮೇಲೆ ಮುದುಕನ ಹಾಗೆ ನಿಧಾನಕ್ಕೆ ಎದ್ದು ಕೂತಿತು. ಗ್ಯಾಲರಿಯಲ್ಲಿ ಒಂದು ಸ್ಕ್ರೀನ್‌ಶಾಟ್ ಇದೆ. ಮೇಲೆ ದೊಡ್ಡ ಅಕ್ಷರದಲ್ಲಿ ಚಿಕನ್ ಡಿನ್ನರ್, ಕೆಳಗೆ ನಮ್ಮ ನಾಲ್ಕು ಜನರ ಹೆಸರು. ತಾರೀಕು 2020ರ ಆಗಸ್ಟ್ 20. ಚೌತಿಗೆ ಇನ್ನೆರಡು ದಿನ.

ಆ 'ಚಿಕನ್ ಡಿನ್ನರ್' ನೆನಪಿದೆಯಾ? ಮೊದಲ ಸಲ ಗೆದ್ದಾಗ ನೀನು ಅಟ್ಟದಿಂದ ಕೂಗಿದ್ದನ್ನು ಕೇಳಿ ಆಯಿ ಏಣಿಯ ಬುಡಕ್ಕೆ ಬಂದು, "ಎಂತದೋ ಅದು, ಯಾರ ಮನೇಲೋ?" ಅಂತ ನಿಂತಿದ್ದಳು. ಅದು ಪಬ್‌ಜಿ ಎಂಬ ಮೊಬೈಲ್ ಆಟದಲ್ಲಿ ಗೆದ್ದವರಿಗೆ ಹೇಳುವ ಮಾತು, ತಿನ್ನುವುದಲ್ಲ ಅಂತ ತಿಳಿಸಿ ಹೇಳುವಷ್ಟರಲ್ಲಿ ಸಾಕಾಗಿತ್ತು. ಆಮೇಲೆ ನೀನು ಗೆದ್ದಾಗೆಲ್ಲ "ಹೋಳಿಗೆ ಊಟ!" ಅಂತ ಕೂಗಲು ಶುರುಮಾಡಿದೆ. ಆಯಿಗೆ ಸಮಾಧಾನವಾಯಿತು.

ಆ ಚಿತ್ರ ನೋಡುತ್ತ ಕೂತಿದ್ದಾಗ ನಿನಗೆ ಹೇಳದೆ ಉಳಿಸಿಕೊಂಡ ಒಂದು ವಿಷಯ ಎದೆಗೆ ಬಂತು. ಅದನ್ನು ಹೇಳುತ್ತೇನೆ. ಸ್ವಲ್ಪ ಸುತ್ತುಹಾಕಿ ಹೇಳುತ್ತೇನೆ, ನನ್ನ ಆಟದ ರೀತಿಯೇ ಅದು ಅಂತ ನಿನಗೆ ಗೊತ್ತಲ್ಲ.

ಮಾರ್ಚಿನಲ್ಲಿ ಒಂದು ವಾರಕ್ಕೆಂದು ತವರಿಗೆ ಬಂದವಳು ಲಾಕ್‌ಡೌನಿನಲ್ಲಿ ಸಿಕ್ಕಿಕೊಂಡು ಅಲ್ಲೇ ಉಳಿದೆ. ಹಗಲು ಸಿಗ್ನಲ್ಲಿಗಾಗಿ ಮನೆ ಹಿಂದಿನ ಬೆಟ್ಟಕ್ಕೆ ಹತ್ತಿ ಹಲಸಿನ ಮರದ ಬುಡದಲ್ಲಿ ಕೂತು ನನ್ನ ಶಾಲೆಯ ಮಕ್ಕಳಿಗೆ ಬೀಜಗಣಿತ ಹೇಳುವುದು. ರಾತ್ರಿ ಅಟ್ಟದ ಪಡುವಣ ಕಿಟಕಿ. ಅಲ್ಲಿ ಮಾತ್ರ ಎರಡು ಗೆರೆ ಬರುತ್ತಿತ್ತು, ಗಾಳಿ ಬೀಸಿದರೆ ಒಂದು. ಆ ಎರಡು ಗೆರೆಯನ್ನು ಅಕ್ಕ ತಮ್ಮ ಹಂಚಿಕೊಂಡು ಆಡುತ್ತಿದ್ದೆವು. ಪಿಂಗ್ ಹಸಿರಿನಿಂದ ಕೆಂಪಿಗೆ ತಿರುಗಿದಾಗ ನೀನು ನನ್ನ ಫೋನಿನ ಡೇಟಾ ಬಂದ್ ಮಾಡಿಬಿಡುತ್ತಿದ್ದೆ. ನಾನು ಎಲ್ಲೋ ಗೋಧಿ ಹೊಲದ ನಡುವೆ ಕಲ್ಲಿನ ಹಾಗೆ ನಿಂತಿರುತ್ತಿದ್ದೆ, ಯಾರೋ ಬಂದು ಹೊಡೆದು ಹೋಗುತ್ತಿದ್ದರು. ಮೇಲಿನಮನೆಯಿಂದ ವಿನಾಯಕ, ಬೆಂಗಳೂರಿನಿಂದ ಚಿಕ್ಕಮ್ಮನ ಮಗ ಗಣಪು. ನಾಲ್ಕು ಜನರ ಸ್ಕ್ವಾಡ್.

ನೂರು ಜನ ವಿಮಾನದಿಂದ ಹಾರಿ, ಎಂಟು ಕಿಲೋಮೀಟರ್ ಉದ್ದ ಎಂಟು ಕಿಲೋಮೀಟರ್ ಅಗಲದ ಎರಾಂಗೆಲ್ ನಡುಗಡ್ಡೆಯಲ್ಲಿ ಇಳಿದು, ಕಡೆಗೆ ಒಬ್ಬ ಅಥವಾ ಒಂದು ತಂಡ ಉಳಿಯುವ ಆಟ. ಕ್ಷೇಮದ ವೃತ್ತ ಕುಗ್ಗುತ್ತ ಹೋಗುತ್ತದೆ, ಅದರ ಹೊರಗೆಲ್ಲ ಝೋನು, ಅದರಲ್ಲಿ ಸಿಕ್ಕಿಕೊಂಡವರು ಸಾಯುತ್ತಾರೆ. ನಿಯಮ ಎಲ್ಲರಿಗೂ ಒಂದೇ. ಆದರೆ ನಾವು ನಾಲ್ಕು ಜನ ಆಡುತ್ತಿದ್ದದ್ದು ನಾಲ್ಕು ಆಟ. ಅದು ಆಗ ನನಗೂ ತಿಳಿದಿರಲಿಲ್ಲ, ನಿನಗೂ ತಿಳಿದಿರಲಿಲ್ಲ.

ವಿನಾಯಕನಿಗೆ ಪೊಚಿಂಕಿ. ವಿಮಾನ ಎತ್ತ ಹೋದರೂ ಅವನು ಹಾರುವುದು ನಡುಮಧ್ಯದ ಆ ಪೇಟೆಗೇ. ಮೂವತ್ತು ಜನ ಒಟ್ಟಿಗೆ ಇಳಿದು, ಬಂದೂಕು ಸಿಗದವರು ಬಾಣಲೆ ಹಿಡಿದು ಬಡಿದಾಡುವ ಜಾಗ. ಎರಡು ನಿಮಿಷದಲ್ಲಿ ಸತ್ತರೂ ಅವನ ಮುಖದಲ್ಲಿ ಸಂತೋಷ. ಕೊಟ್ಟಿಗೆಯ ಕೆಲಸ ಮುಗಿಸಿ ಬಂದವನಿಗೆ ಎರಡು ನಿಮಿಷದ ಜಗಳ ಸಾಕಾಗಿತ್ತು, ಅರ್ಧ ತಾಸಿನ ಗೆಲುವು ಬೇಕಿರಲಿಲ್ಲ.

ನಿನಗೆ ಶ್ರೇಣಿ. ಪ್ಲಾಟಿನಂ, ಡೈಮಂಡ್, ಕ್ರೌನ್, ಏಸ್. ಕೊಂದವನಿಗಿಂತ ಕಡೆತನಕ ಬದುಕಿ ಉಳಿದವನನ್ನೇ ಆಟ ಹೆಚ್ಚು ಮೇಲಕ್ಕೆತ್ತುತ್ತದೆ ಅಂತ ನೀನು ಬೇಗ ಕಂಡುಕೊಂಡಿದ್ದೆ. ಹಾಗಾಗಿ ನಮ್ಮ ನಾಲ್ಕು ಜನರಲ್ಲಿ ಅತಿ ಹೆಚ್ಚು ಅಡಗಿ ಕೂತವನು ಅತಿ ಹೆಚ್ಚು ಗೆಲ್ಲಬೇಕೆಂದವನೇ. ವಿನಾಯಕ ನಿನ್ನನ್ನು 'ಬಚ್ಚಲುಮನೆ ವೀರ' ಅಂತ ಕರೆಯುತ್ತಿದ್ದ. ಎರಡನೇ ಮಹಡಿಯ ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಹದಿನೈದು ನಿಮಿಷ ಬಗ್ಗಿ ಕೂತಿರುತ್ತಿದ್ದೆಯಲ್ಲ, ಅದಕ್ಕೆ. ಸಿಟ್ಟು ಮಾಡಿಕೊಳ್ಳಬೇಡ. ಆ ಸಹನೆಯನ್ನು ನಾನು ಮೆಚ್ಚಿದ್ದೆ. ಅಪ್ಪಯ್ಯನಿಗೂ ಗಾಳ ಹಾಕಿದವರ ಹಾಗೆ ಕಾಯುವ ಆ ಗುಣ ಇದೆ, ಅಡಿಕೆ ದರ ಏರಲಿ ಅಂತ ವರ್ಷಗಟ್ಟಲೆ ಚೀಲ ಇಟ್ಟುಕೊಳ್ಳುತ್ತಾನೆ.

ನಾನು ಅಲೆಯುವವಳು. ಮ್ಯಾಪಿನ ಅಂಚಿನ ಮನೆ, ಸಮುದ್ರದ ದಂಡೆ, ಯಾರೂ ಹೋಗದ ಗುಡ್ಡ. "ಅಕ್ಕಾ, ಝೋನ್ ಬರ್ತಾ ಇದ್ದು, ಓಡು" ಅಂತ ನೀನು ಕಿರುಚುವಾಗ ನಾನು ಕಿಟಕಿಯಿಂದ ನೀರಿನ ಮೇಲೆ ಬಿದ್ದ ಬಿಸಿಲು ನೋಡುತ್ತಿದ್ದೆ. ಮನೆಯಿಂದ ಹೊರಗೆ ಕಾಲಿಡಲಾಗದ ತಿಂಗಳುಗಳವು. ಅರವತ್ತನಾಲ್ಕು ಚದರ ಕಿಲೋಮೀಟರ್ ನೆಲ ಸಿಕ್ಕಿದ್ದು ನನಗೆ ಬಂದೂಕಿಗಿಂತ ದೊಡ್ಡ ಲೂಟಿ. "ಸರಿಯಾಗಿ ಆಡು" ಅಂತ ನೀನು ಎಷ್ಟು ಸಲ ಬೈದೆಯೋ. ಸರಿಯಾಗಿಯೇ ಆಡುತ್ತಿದ್ದೆ ತಮಾ, ನನ್ನ ಆಟವನ್ನು.

ಸೇತುವೆಯ ದಿನವನ್ನು ಮಾತ್ರ ನೀನು ಮರೆಯಬಾರದು. ಮಿಲಿಟರಿ ಬೇಸಿನಲ್ಲಿ ಇಳಿದಿದ್ದೆವು, ಕ್ಷೇಮದ ವೃತ್ತ ಬಡಗಣ ದಡಕ್ಕೆ ಸರಿದಿತ್ತು. ಆ ತೆಂಕಣ ನಡುಗಡ್ಡೆಗೆ ಇರುವುದು ಎರಡೇ ಸೇತುವೆ, ಎರಡರ ತುದಿಯಲ್ಲೂ ಕಾರು ಅಡ್ಡ ನಿಲ್ಲಿಸಿ ಕಾಯುವವರು. ವಿನಾಯಕ ನುಗ್ಗೋಣ ಅಂದ, ನೀನು ಕಾಯೋಣ ಅಂದೆ. ಅಲೆದು ಅಲೆದು ಯಾವ ದಂಡೆಯಲ್ಲಿ ದೋಣಿ ನಿಂತಿರುತ್ತದೆ ಅಂತ ನನಗೆ ಬಾಯಿಪಾಠವಾಗಿತ್ತು. ಮೂವರನ್ನೂ ದೋಣಿಯಲ್ಲಿ ಕೂರಿಸಿಕೊಂಡು ಸೇತುವೆಯ ಕೆಳಗಿನಿಂದಲೇ ದಾಟಿಸಿದೆ. ಮೇಲೆ ಅವರು ಇನ್ನೂ ರಸ್ತೆ ಕಾಯುತ್ತಿದ್ದರು. ಅವತ್ತು ಒಂದು ದಿನ ನೀನು ನನಗೆ ಬೈಯಲಿಲ್ಲ.

ಇನ್ನು ಗಣಪು. ಅವನು ಆಡುತ್ತಲೇ ಇರಲಿಲ್ಲ, ಮಾತಾಡುತ್ತಿದ್ದ. ವಿಮಾನ ಹತ್ತುವ ಮೊದಲು ಶುರುವಾದ ಮಾತು. ಅವನು ಬಹುತೇಕ ಎಲ್ಲರಿಗಿಂತ ಮೊದಲು ಸಾಯುತ್ತಿದ್ದ, ಸತ್ತ ಮೇಲೆ ಲಾಬಿಗೆ ಹೋಗದೆ ನಮ್ಮ ಹೆಗಲ ಮೇಲೆ ಕೂತವನ ಹಾಗೆ ನಮ್ಮ ಆಟ ನೋಡುತ್ತ ಮಾತು ಮುಂದುವರಿಸುತ್ತಿದ್ದ. ಮಳೆ ಬಂತಾ, ಹೊಳೆ ಎಷ್ಟು ಏರಿತು, ಗೌರಿ ಕರು ಹಾಕಿತಾ. ಅವನ ಪಿಜಿಯಲ್ಲಿದ್ದವರೆಲ್ಲ ಊರಿಗೆ ಹೋಗಿ, ಮೂರು ಮಹಡಿಯ ಕಟ್ಟಡದಲ್ಲಿ ಅವನೂ ಕಾವಲಿನವನೂ ಇಬ್ಬರೇ ಉಳಿದಿದ್ದರಂತೆ. ಅದನ್ನು ಅವನು ಆಗ ಹೇಳಿರಲಿಲ್ಲ. ಹಗಲೆಲ್ಲ ಒಬ್ಬರ ಹತ್ತಿರವೂ ಕನ್ನಡ ಆಡದೆ, ರಾತ್ರಿ ಒಂಬತ್ತೂವರೆಗೆ ನಮ್ಮೂರಿನ ಮಾತು ಕೇಳಲೆಂದು ಫೋನು ಹಿಡಿಯುತ್ತಿದ್ದನಂತೆ. ನೂರು ಜನ, ಬಂದೂಕು, ಝೋನು ಎಲ್ಲ ಅವನಿಗೆ ಜಗಲಿಗೆ ಹಾಕಿದ ಕಂಬಳಿ ಇದ್ದ ಹಾಗೆ, ಕೂರಲಿಕ್ಕೆ ಒಂದು ನೆಪ.

ಚೌತಿಯ ಮುಂಚಿನ ಆ ರಾತ್ರಿ ಕೆಳಗೆ ಚಕ್ಕುಲಿ ಕಂಬಳ. ಎಣ್ಣೆಯ ವಾಸನೆ ಅಟ್ಟದವರೆಗೆ. ಆಟದಲ್ಲಿ ಕಡೆಯ ವೃತ್ತ, ಉಳಿದದ್ದು ಆರು ಜನ. ಅದರಲ್ಲಿ ನಾವಿಬ್ಬರು. ಗಣಪು ಆಗಲೇ ಸತ್ತು ನಮ್ಮ ಕಿವಿಯಲ್ಲಿ ಕೂತಿದ್ದ. "ಈ ಸಲ ಚಕ್ಕುಲಿ ಯಾರು ಸುತ್ತಿದ? ದೊಡ್ಡಪ್ಪನೇಯಾ? ಎಷ್ಟು ಸುತ್ತು ಬಂತು?" ನೀನು ಇಯರ್‌ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದೆ. ಗೋಡೆಯಾಚೆ ಯಾರದೋ ಹೆಜ್ಜೆ ಸಪ್ಪಳ. ಆ ಆಟದಲ್ಲಿ ಹೆಜ್ಜೆ ಸಪ್ಪಳವೇ ಕಣ್ಣು. ಬಲಕ್ಕೋ ಎಡಕ್ಕೋ, ಹುಲ್ಲಿನ ಮೇಲೋ ಹಲಗೆಯ ಮೇಲೋ ಅಂತ ಕೇಳಿಸಿದವನು ಬದುಕುತ್ತಾನೆ. ಆ ಸಪ್ಪಳದ ಮೇಲೆ ಗಣಪುವಿನ ಚಕ್ಕುಲಿ. ನಿನ್ನ ಹೆಬ್ಬೆರಳು ಅವನ ಹೆಸರಿನ ಪಕ್ಕಕ್ಕೆ ಹೋಗಿ ಅವನನ್ನು ಮ್ಯೂಟ್ ಮಾಡಿದ್ದನ್ನು ನಾನು ಪಕ್ಕದಲ್ಲೇ ಕೂತು ನೋಡಿದೆ. ಆಟಗಾರನಾಗಿ ನೀನು ಮಾಡಿದ್ದು ಸರಿ. ಈಗಲೂ ಅದನ್ನೇ ಹೇಳುತ್ತೇನೆ. ಅರ್ಧ ನಿಮಿಷದಲ್ಲಿ ನೀನು ಮೂವರನ್ನು ಕೆಡವಿದೆ, ಕಡೆಯವನು ಝೋನಿನಲ್ಲಿ ಸಿಕ್ಕಿ ಸತ್ತ, ನಾವು ಗೆದ್ದೆವು. ಸತ್ತ ಗಣಪುವಿನ ಹೆಸರೂ ಗೆದ್ದವರ ಸಾಲಿನಲ್ಲಿ ಬಂತು. ಆ ಸ್ಕ್ರೀನ್‌ಶಾಟೇ ಇದು.

ಇಷ್ಟು ನಿನಗೆ ಗೊತ್ತು. ಮುಂದಿನದು ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಗಣಪು ನನಗೆ ಫೋನು ಮಾಡಿದ. "ನಿನ್ನೆ ತಮ್ಮನ ಹತ್ರ ಮೂರು ಸಲ ಕೇಳಿದೆ, ಉತ್ತರವೇ ಇಲ್ಲೆ. ನಿಂಗಳಲ್ಲಿ ನೆಟ್‌ವರ್ಕ್ ಹೋತಾ?" ನಾನು ಹೌದು ಅಂದಿದ್ದರೆ ಮುಗಿದು ಹೋಗುತ್ತಿತ್ತು. ಮಳೆಗಾಲದಲ್ಲಿ ನಮ್ಮೂರಿನ ನೆಟ್‌ವರ್ಕಿನ ಮೇಲೆ ಯಾವ ಸುಳ್ಳನ್ನಾದರೂ ಹೊರಿಸಬಹುದು. ನಾನು ನಗುತ್ತ, "ಇಲ್ಲ ಮಾರಾಯ, ಅವನು ನಿನ್ನ ಮ್ಯೂಟ್ ಮಾಡಿದ್ದ" ಅಂದೆ. ತಮಾಷೆ ಅಂತಲೇ ಅಂದದ್ದು. ಆ ಕಡೆ ಒಂದು ಕ್ಷಣ ಏನೂ ಇಲ್ಲ. ಆಮೇಲೆ "ಓ, ಹೌದಾ. ನಾನು ನೆಟ್‌ವರ್ಕ್ ಅಂದ್ಕಂಡಿದ್ದೆ" ಅಂದ. ಅವತ್ತು ರಾತ್ರಿ ಅವನು ಬರಲಿಲ್ಲ. ಮರುದಿನವೂ ಬರಲಿಲ್ಲ. ಆಫೀಸ್ ಕೆಲಸ ಅಂದ. ನೀನು "ಅಂವಂಗೆ ಎಂತಾ ಆತು?" ಅಂತ ಕೇಳಿದಾಗ ನಾನು ಗೊತ್ತಿಲ್ಲ ಅಂದೆ.

ಸೆಪ್ಟೆಂಬರ್ 2ರಂದು ಸರ್ಕಾರ 118 ಆ್ಯಪುಗಳನ್ನು ನಿಷೇಧಿಸಿತು, ಅದರಲ್ಲಿ ಪಬ್‌ಜಿ ಮೊಬೈಲೂ ಇತ್ತು. ನೀನು ಎಲ್ಲರಿಗೂ ಹೇಳುವುದು ಸ್ಕ್ವಾಡ್ ಒಡೆದದ್ದು ಆ ನಿಷೇಧದಿಂದ ಅಂತ. ಅಲ್ಲ ತಮಾ. ಫೋನಿನಲ್ಲಿ ಮೊದಲೇ ಹಾಕಿಕೊಂಡವರಿಗೆ ಆಟ ಅಕ್ಟೋಬರ್ 30ರವರೆಗೆ ನಡೆಯುತ್ತಿತ್ತು. ನೀನೂ ನಾನೂ ಅಪರಿಚಿತರ ಜೊತೆ ಆಡಿದೆವಲ್ಲ, ಕೊನೆಯ ದಿನದವರೆಗೆ. ಒಂದು ಫೋನು ಮಾಡಿ ಅವನನ್ನು ಕರೆಯಲು ಎರಡು ತಿಂಗಳು ಇತ್ತು. ನಾನು ಕರೆಯಲಿಲ್ಲ, ಯಾಕೆಂದರೆ ಕರೆದರೆ ನಾನು ಹೇಳಿಕೊಟ್ಟದ್ದು ಹೊರಗೆ ಬರುತ್ತಿತ್ತು.

ಸರಿ. ಹೇಳಿದೆ. ಈಗ ಒಂದು ಲೋಟ ಚಾ ಕುಡಿದು ಬಂದು ಮುಂದೆ ಬರೆಯುತ್ತೇನೆ.

ಬಂದೆ. ಸ್ಕ್ರೀನ್‌ಶಾಟ್ ಸಿಕ್ಕಿದ ಮೇಲೆ ಮೇಷ್ಟರ ಚಟ ಬಿಡುತ್ತದೆಯೇ, ಈ ಆಟಗಾರರ ಸ್ವಭಾವದ ಬಗ್ಗೆ ಒಂದಷ್ಟು ಹುಡುಕಿ ಓದಿದೆ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ ಒಂದು ಆಟ ಶುರುಮಾಡಿದ, ರಿಚರ್ಡ್ ಬಾರ್ಟಲ್ ಮುಂದುವರಿಸಿದ. ಹೆಸರು ಮಡ್. ಚಿತ್ರವಿಲ್ಲ, ಬರೀ ಅಕ್ಷರ. ಅನೇಕರು ಒಂದೇ ಲೋಕದಲ್ಲಿ ಕೂಡಿ ಆಡುವ ಇವತ್ತಿನ ಆಟಗಳ ಮೂಲಪುರುಷ ಅದು. ಕೆಲವು ವರ್ಷಗಳ ನಂತರ ಆ ಬಗೆಯ ಒಂದು ಆಟದ ಪಳಗಿದ ಆಟಗಾರರ ನಡುವೆ ಒಂದು ವಾದ ಎದ್ದಿತು. ಜನಕ್ಕೆ ಈ ಆಟದಿಂದ ಬೇಕಾದದ್ದು ಏನು? 1989ರ ನವೆಂಬರಿನಿಂದ ಮುಂದಿನ ಮೇ ತನಕ ಅದೇ ವಾದ. ಒಪ್ಪಂದಕ್ಕೆ ಬರಲಿಲ್ಲ. ಎಲ್ಲರೂ ತಮಗೆ ಬೇಕಾದದ್ದನ್ನೇ ಆಟ ಅನ್ನುತ್ತಿದ್ದರು. ಆ ಜಗಳವನ್ನು ಕೇಳಿ ಬಾರ್ಟಲ್ ಮಾಡಿದ ವಿಂಗಡಣೆ 1996ರಲ್ಲಿ ಲೇಖನವಾಗಿ ಬಂತು. ಅದನ್ನು ಅವನು ಇಸ್ಪೀಟಿನ ನಾಲ್ಕು ಎಲೆಗೆ ಹೋಲಿಸಿದ್ದಾನೆ. ಚೌತಿಗೆ ಮಂಡಲ ಹಾಕಿ ಕೂರುವ ನಮ್ಮೂರಿಗೆ ಇದಕ್ಕಿಂತ ಸುಲಭದ ಪಾಠ ಬೇಕೇ?

ಡೈಮನ್ ಅಂದರೆ ಸಾಧಕರು, ಅಂಕ ಶ್ರೇಣಿ ಸಂಪತ್ತು ಕೂಡಿಸುವವರು. ಇಸ್ಪೀಟ್ ಎಲೆ ಇಂಗ್ಲಿಷಿನಲ್ಲಿ ಗುದ್ದಲಿಯ ಹೆಸರು ಹೊತ್ತಿದೆ, ಹಾಗಾಗಿ ಅದು ಅಗೆದು ನೋಡುವ ಅಲೆಮಾರಿಗಳದು. ಆಟೀನು ಮಾತಿನವರದು, ಜನಕ್ಕಾಗಿ ಬರುವವರದು. ಕಳಾವರ, ದೊಣ್ಣೆಯವರದು. ಇನ್ನೊಬ್ಬನ ಮೇಲೆ ಬೀಳುವುದರಲ್ಲೇ ಸುಖ ಕಾಣುವವರದು. ಓದುತ್ತ ಓದುತ್ತ ನನಗೆ ನಗು ಬಂತು. ನಮ್ಮ ಅಟ್ಟದಲ್ಲಿ ಒಂದೊಂದು ಎಲೆಯೂ ಇತ್ತಲ್ಲ ಮಾರಾಯ.

ಆದರೂ ನನಗೆ ಈ ಡಬ್ಬಿಗಳ ಮೇಲೆ ಪೂರ್ತಿ ನಂಬಿಕೆ ಇಲ್ಲ. ನೀನು ಹತ್ತು ಗಂಟೆಯವರೆಗೆ ಡೈಮನ್, ಎರಡು ಸಲ ಸೋತ ಮೇಲೆ ಶುದ್ಧ ಕಳಾವರ. ನಿಕ್ ಯೀ ಎಂಬ ಸಂಶೋಧಕ ಸಾವಿರಾರು ಆಟಗಾರರಿಗೆ ಪ್ರಶ್ನೆ ಕೊಟ್ಟು 2006ರಲ್ಲಿ ಬರೆದದ್ದೂ ಅದೇ ಅರ್ಥದ್ದು. ಸಾಧನೆಯ ಆಸೆ ಇದ್ದವನಿಗೆ ಜನರ ಆಸೆ ಕಡಿಮೆ ಇರಬೇಕೆಂದೇನಿಲ್ಲ, ಒಬ್ಬನೊಳಗೆ ಎರಡೂ ಇರಬಹುದು. ಇದು ನನಗೆ ಸಮಾಧಾನ ಕೊಟ್ಟ ಮಾತು, ಯಾಕೆಂದು ಮುಂದೆ ಹೇಳುತ್ತೇನೆ.

ಬಾರ್ಟಲ್‌ನ ಬರಹದಲ್ಲಿ ನನ್ನನ್ನು ಹಿಡಿದದ್ದು ಆ ನಾಲ್ಕು ಹೆಸರಲ್ಲ, ಅವುಗಳ ನಡುವಿನ ಲೆಕ್ಕ. ತೋಟದ ಲೆಕ್ಕದಂತಿದೆ. ದೊಣ್ಣೆಯವರು ಹೆಚ್ಚಾದರೆ ಮಾತಿನವರು ಮೊದಲು ಹೊರಟುಹೋಗುತ್ತಾರೆ. ಮಾತಿನವರು ಹೆಚ್ಚಾದರೆ ಇನ್ನಷ್ಟು ಮಾತಿನವರು ಬಂದು ಸೇರುತ್ತಾರೆ. ಸಾಧಕರು ಕಡಿಮೆಯಾದರೆ ದೊಣ್ಣೆಯವರಿಗೆ ಬೇಟೆ ಇಲ್ಲ. ಅಲೆಮಾರಿಗಳು ಮಾತ್ರ ಯಾರ ಲೆಕ್ಕಕ್ಕೂ ಹೆಚ್ಚು ಸಿಗುವುದಿಲ್ಲ, ಆದರೆ ಕೆಣಕಿದರೆ ಅವರಿಗೆ ಗೊತ್ತಿರುವ ಒಳದಾರಿಗಳಿಂದಾಗಿ ಅಪಾಯದವರು. ಇಲ್ಲಿ ನಾನು ಪೆನ್ಸಿಲಿನಲ್ಲಿ 'ದೋಣಿ' ಅಂತ ಬರೆದಿಟ್ಟಿದ್ದೇನೆ.

ಅಜ್ಜಿಯ ಚೌಕಾಬಾರ ನೆನಪಾಯಿತು. ನಿನಗೆ ಐದು ವರ್ಷ ಇದ್ದಿರಬೇಕು. ಜಗಲಿಯ ಮೇಲೆ ಸೀಮೆಸುಣ್ಣದ ಮನೆ, ನಾಲ್ಕು ಕವಡೆ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಅಂತ ನಮ್ಮ ಮನೆಯ ನಿಯಮ. ಅಜ್ಜಿಗೆ ಕಡಿಯುವುದೆಂದರೆ ಪ್ರಾಣ. ಎಂಟು ಬಿದ್ದರೆ ಎಪ್ಪತ್ತು ವರ್ಷದ ಹೆಂಗಸು ತೊಡೆ ತಟ್ಟುತ್ತಿದ್ದಳು. ಆಯಿ ಕಡಿಯುತ್ತಲೇ ಇರಲಿಲ್ಲ. ಅತ್ತೆಯ ಕಾಯಿ ಎದುರಿಗಿದ್ದರೂ, ಕವಡೆ ಸರಿಯಾಗಿ ಬಿದ್ದರೂ, ಬೇರೆ ಕಾಯಿ ನಡೆಸಿಬಿಡುತ್ತಿದ್ದಳು. ಹಾಗಾಗಿ ಅವಳ ನಾಲ್ಕು ಕಾಯಿಗಳು ಹೊರಸುತ್ತಿನಲ್ಲೇ ತಿರುಗುತ್ತ, ಸಂಜೆ ದೀಪ ಹಚ್ಚುವ ಹೊತ್ತಿನವರೆಗೂ ತಿರುಗುತ್ತಲೇ ಇರುತ್ತಿದ್ದವು. ನಾನು ಅದನ್ನು ಹೆದರಿಕೆ ಅಂದುಕೊಂಡಿದ್ದೆ. ಮೊನ್ನೆ ಆಯಿಯನ್ನೇ ಕೇಳಿದೆ. "ಒಳಗೆ ಹೋಗಿ ಹಣ್ಣು ಮಾಡಿದ್ರೆ ಆಟ ಮುಗೀತು. ಎದ್ದು ದೋಸೆಗೆ ಹಿಟ್ಟು ರುಬ್ಬಕ್ಕು" ಅಂದಳು! ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದರೂ ಅವಳು ಯಾವ ಆಟ ಆಡುತ್ತಿದ್ದಳೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅಜ್ಜಿಗೆ ಗೊತ್ತಿತ್ತೋ ಏನೋ.

ಇನ್ನೊಂದು ಕತೆ ಹೇಳಬೇಕು, ನಿನಗೆ ಇಷ್ಟವಾಗುವಂಥದ್ದು. 1997ರಲ್ಲಿ ಅಮೆರಿಕದ ಟೆಕ್ಸಸ್ಸಿನ ಒರಿಜಿನ್ ಸಿಸ್ಟಮ್ಸ್ ಎಂಬ ಸಂಸ್ಥೆ ಅಲ್ಟಿಮಾ ಆನ್‌ಲೈನ್ ಎಂಬ ಆಟ ಹೊರತಂದಿತು. ಸಾವಿರಾರು ಜನ ಒಂದೇ ರಾಜ್ಯದಲ್ಲಿ ಬದುಕುವ ಆಟ. ಕಮ್ಮಾರನಾಗಬಹುದು, ದರ್ಜಿಯಾಗಬಹುದು, ಗಣಿ ತೋಡಬಹುದು, ಮನೆ ಕಟ್ಟಬಹುದು. ಮುಖ್ಯ ವಿನ್ಯಾಸಕ ರಾಫ್ ಕೋಸ್ಟರ್, ಇಡೀ ಲೋಕವನ್ನು ಕಾಡಿನ ಹಾಗೆ ಬದುಕಿಸಲು ಹೊರಟಿದ್ದ. ಹುಲ್ಲು ತಿನ್ನುವ ಪ್ರಾಣಿ, ಅದನ್ನು ತಿನ್ನುವ ತೋಳ, ಎಲ್ಲಕ್ಕೂ ಲೆಕ್ಕ. ಆಟಗಾರರನ್ನು ಒಳಗೆ ಬಿಟ್ಟಾಗ ಕಣ್ಣಿಗೆ ಕಂಡದ್ದನ್ನೆಲ್ಲ ಹೊಡೆದು ಮುಗಿಸಿದರು. ಆ ಸರಪಳಿ ನಿಲ್ಲಲೇ ಇಲ್ಲ, ಕಿತ್ತುಹಾಕಬೇಕಾಯಿತು. ಅಷ್ಟೇ ಅಲ್ಲ, ಬಿಡುಗಡೆಗೆ ಮುಂಚಿನ ಪರೀಕ್ಷೆಯ ದಿನಗಳಲ್ಲಿ ಆಟದ ಸೃಷ್ಟಿಕರ್ತ ರಿಚರ್ಡ್ ಗ್ಯಾರಿಯಟ್ ರಾಜನ ವೇಷದಲ್ಲಿ ಪ್ರಜೆಗಳ ಮುಂದೆ ನಿಂತಿದ್ದಾಗ, ಸಾಯದ ವರವನ್ನು ಹಾಕಿಕೊಳ್ಳಲು ಮರೆತಿದ್ದನಂತೆ. ಒಬ್ಬ ಆಟಗಾರ ಬೆಂಕಿಯ ಮಂತ್ರ ಎಸೆದು ರಾಜನನ್ನೇ ಕೊಂದ. ವಿನಾಯಕನಿಗೆ ಈ ಕತೆ ಹೇಳಿದೆ, ಆ ಆಟಗಾರನ ಕಾಲಿಗೆ ಬೀಳಬೇಕು ಅಂದ.

ಆದರೆ ಊರ ಹೊರಗೆ ಕಾಲಿಟ್ಟರೆ ದರೋಡೆ. ಗಣಿಯಿಂದ ಅದಿರು ಹೊತ್ತು ಬರುವವನನ್ನು ಕೊಂದು ಕಿತ್ತುಕೊಳ್ಳುವ ಗುಂಪುಗಳು. ಎರಡೂವರೆ ವರ್ಷ ಶಿಕ್ಷೆ, ಕೆಂಪು ಹೆಸರು, ಕಾವಲುಗಾರರು ಅಂತ ಏನೇನೋ ಮಾಡಿದರು. ದುಡ್ಡು ಕೊಟ್ಟು ಬಂದ ಸಾಧು ಜನ ಬಿಟ್ಟುಹೋಗುತ್ತಲೇ ಇದ್ದರು. ಕಡೆಗೆ 2000ದಲ್ಲಿ ಲೋಕವನ್ನೇ ಎರಡು ಮಾಡಿದರು. ಅದೇ ಬೆಟ್ಟ, ಅದೇ ಹೊಳೆ, ಅದೇ ಊರುಗಳ ಎರಡು ಪ್ರತಿ. ಒಂದು ಫೆಲುಕ್ಕಾ, ಹಳೆಯ ಕಾನೂನಿನದು. ಇನ್ನೊಂದು ಟ್ರಾಮೆಲ್, ಅಲ್ಲಿ ಒಪ್ಪಿಗೆಯಿಲ್ಲದೆ ಯಾರೂ ಯಾರನ್ನೂ ಕೊಲ್ಲುವಂತಿಲ್ಲ. ಆ ಲೋಕದ ಆಕಾಶದ ಎರಡು ಚಂದ್ರರ ಹೆಸರುಗಳವು.

ಏನಾಯಿತೆಂದು ಊಹಿಸು. ಹೆಚ್ಚಿನವರು ಗಂಟುಮೂಟೆ ಕಟ್ಟಿ ಟ್ರಾಮೆಲ್ಲಿಗೆ ಹೋದರು. ವ್ಯಾಪಾರದ ಲೆಕ್ಕದಲ್ಲಿ ತಪ್ಪಿಲ್ಲ, ಚಂದಾದಾರರು ಅದರ ನಂತರ ಹೆಚ್ಚಿದರು. ಆದರೆ ಫೆಲುಕ್ಕಾದಲ್ಲಿ ದಾರಿಹೋಕರೇ ಇಲ್ಲ. ದರೋಡೆಯವರು ದರೋಡೆಯವರನ್ನೇ ಎದುರು ನೋಡುತ್ತ ಕೂತರು, ಅವರಿಗೆ ಬೇಕಾದದ್ದು ಅದಾಗಿರಲಿಲ್ಲ. ಇತ್ತ ಟ್ರಾಮೆಲ್ಲಿನಲ್ಲಿ, ಗಣಿಯಿಂದ ಬರುವವನ ಜೊತೆ ಕತ್ತಿ ಹಿಡಿದು ಕಾವಲು ಹೋಗುತ್ತಿದ್ದವನಿಗೆ ಕೆಲಸವಿಲ್ಲ. ಅದಿರು ಕ್ಷೇಮವಾಗಿ ಬಂತು, ಜೊತೆಗಾರ ಬೇಡವಾದ. ಹಳಬರು ಇವತ್ತಿಗೂ ಇದರ ಮೇಲೆ ಜಗಳವಾಡುತ್ತಾರೆ. ನಾನಾಗಿದ್ದರೆ ಮೊದಲ ದಿನವೇ ಟ್ರಾಮೆಲ್ಲಿಗೆ ಓಡುತ್ತಿದ್ದೆ, ಅದರಲ್ಲಿ ಅನುಮಾನವಿಲ್ಲ. ಆದರೂ ಓದಿ ಮುಗಿಸಿದಾಗ ಏನೋ ಕಳೆದುಕೊಂಡ ಹಾಗಾಯಿತು.

ನಾವೂ ಲೋಕ ಎರಡು ಮಾಡಿಕೊಂಡವರೇ ಅಲ್ಲವಾ? 2021ರ ಜುಲೈಯಲ್ಲಿ ಅದೇ ಆಟ ಬಿಜಿಎಂಐ ಅಂತ ಹೊಸ ಹೆಸರಿನಲ್ಲಿ ಬಂದಾಗ ನೀನು ಪುಣೆಯಲ್ಲಿ ನಿನ್ನಂಥವರ ತಂಡ ಕಟ್ಟಿದೆ. ಹೋದ ದೀಪಾವಳಿಗೆ ಬಂದಾಗ ಹೆಮ್ಮೆಯಿಂದಲೇ ಹೇಳಿದೆ, ಈಗ ಯಾರೂ ಅನವಶ್ಯಕ ಮಾತಾಡುವುದಿಲ್ಲ, ದಿಕ್ಕು ಮತ್ತು ದೂರ ಅಷ್ಟೇ ಹೇಳುತ್ತೇವೆ, ಏಸ್ ದಾಟಿದೆ ಅಂತ. ಆಮೇಲೆ ಎಲೆ ಅಡಿಕೆ ಹಾಕುತ್ತ, ಆ ಮೂವರ ನಿಜವಾದ ಹೆಸರು ನನಗೆ ಗೊತ್ತಿಲ್ಲ ಅಂದೆ. ನೀನು ಅದನ್ನು ಸುಮ್ಮನೆ ಅಂದದ್ದು. ನನಗೆ ಮಾತ್ರ ಆ ಮಾತು ತಿಂಗಳುಗಟ್ಟಲೆ ಕಿವಿಯಲ್ಲಿ ಉಳಿಯಿತು. ನಿಕ್ ಯೀ ಬರೆದದ್ದು ಸಮಾಧಾನ ಕೊಟ್ಟಿತು ಅಂದೆನಲ್ಲ, ಇದಕ್ಕೇ. ಏಸ್ ದಾಟಿದವನಿಗೆ ಹೆಸರು ತಿಳಿಯುವ ಆಸೆ ಇರಬಾರದೆಂದೇನಿಲ್ಲ.

ನನ್ನದೂ ಹೇಳುತ್ತೇನೆ. ನಾನು ಈಗ ಮೈನ್‌ಕ್ರಾಫ್ಟಿನಲ್ಲಿ ಒಬ್ಬಳೇ ಅಲೆಯುತ್ತೇನೆ. ನನ್ನ ಎಂಟನೇ ತರಗತಿಯ ಒಬ್ಬ ಹುಡುಗ ಹಾಕಿಕೊಟ್ಟದ್ದು. ಅವನು ಅದರಲ್ಲಿ ಅಡಿಕೆ ತೋಟ ಮಾಡಿದ್ದಾನೆ ಮಾರಾಯ! ಅಡಿಕೆ ಮರ ಆ ಆಟದಲ್ಲಿ ಇಲ್ಲ, ಕಾಡುಮರದ ದಿಮ್ಮಿಯನ್ನು ಒಂದರ ಮೇಲೊಂದು ನಿಲ್ಲಿಸಿ ತುದಿಗೆ ಎಲೆ ಅಂಟಿಸಿದ್ದಾನೆ, ನಡುವೆ ನೀರಿನ ಕಾಲುವೆ. ಅವನ ಗೆಳೆಯ ಬಂದು ಅರ್ಧ ತೋಟಕ್ಕೆ ಬೆಂಕಿ ಇಟ್ಟ. ಇಬ್ಬರೂ ನನ್ನ ಹತ್ತಿರ ಪಂಚಾಯ್ತಿಗೆ ಬಂದರು. ಬೆಂಕಿ ಇಟ್ಟವನ ವಾದ ಏನು ಗೊತ್ತಾ? "ಅಂವ ತೋಟ ನೋಡ್ತಾ ನನ್ನ ಹತ್ರ ಮಾತೇ ಆಡ್ತಾ ಇರಲಿಲ್ಲ ಟೀಚರ್." ನಾನು ತೀರ್ಪು ಕೊಡಲಿಲ್ಲ. ಗಂಟೆ ಹೊಡೆಯಿತು ಅಂತ ಕಳಿಸಿದೆ. ಮರುದಿನ ಇಬ್ಬರೂ ಕೂಡಿ ಸುಟ್ಟ ಭಾಗದಲ್ಲಿ ಕೆರೆ ತೋಡುತ್ತಿದ್ದರು.

ಒಬ್ಬಳೇ ಅಲೆಯುವುದು ಚೆನ್ನಾಗಿದೆ. ಯಾರೂ ಓಡು ಅನ್ನುವುದಿಲ್ಲ, ಝೋನು ಬರುವುದಿಲ್ಲ. ಬೇಕಾದಷ್ಟು ಹೊತ್ತು ಸೂರ್ಯ ಮುಳುಗುವುದನ್ನು ನೋಡಬಹುದು. ಆದರೆ "ಅಕ್ಕಾ, ಎಲ್ಲಿ ಸತ್ತೆ?" ಅಂತ ಬೈಯುವವನಿಲ್ಲದಿದ್ದರೆ ದಾರಿ ತಪ್ಪಿಸಿಕೊಂಡು ಅಲೆಯುವುದರಲ್ಲಿ ಕದ್ದು ತಿಂದ ರುಚಿ ಇಲ್ಲ ಅಂತಲೂ ಗೊತ್ತಾಗಿದೆ.

ಗಣಪು ಮೊನ್ನೆ ಫೋನು ಮಾಡಿದ್ದ. ಮದುವೆ ಗೊತ್ತಾಗಿದೆ, ಹುಡುಗಿ ಯಲ್ಲಾಪುರದ ಕಡೆಯವಳು. ಆಯಿ ನಿನಗೆ ಹೇಳಿರಬೇಕು. ಅರ್ಧ ತಾಸು ಮಾತಾಡಿದ, ಅದೇ ಹಳೇ ಗಣಪು. ಇಡುವ ಮೊದಲು ಸ್ವಲ್ಪ ತಡೆದು, "ತಮ್ಮ ಈಗಲೂ ಆ ಆಟ ಆಡ್ತನಾ?" ಅಂತ ಕೇಳಿದ. ಆಡ್ತಾನೆ ಅಂದೆ. "ನಂಗೆ ಈಗ ಹೊಡೆಯಲೂ ಬರ್ತಿಲ್ಲೆ, ಓಡಲೂ ಬರ್ತಿಲ್ಲೆ" ಅಂದ. ಯಾವಾಗ ಬರುತ್ತಿತ್ತೋ ಇವನಿಗೆ! ನಾನು ಆಗಲೇ, ಅದೇ ಫೋನಿನಲ್ಲಿ, ಮ್ಯೂಟಿನ ಮಾತನ್ನು ಎತ್ತಿ ಕ್ಷಮೆ ಕೇಳಿದೆ, ಹೇಳಬಾರದಿತ್ತು ಅಂದೆ. ಅವನು ನಕ್ಕ. ಆಮೇಲೆ, ತಮ್ಮ ಅವತ್ತು ಹೆಜ್ಜೆ ಕೇಳ್ತಾ ಇದ್ದ ಅಂತ ನನಗೆ ಆಮೇಲೆ ಹೊಳೆಯಿತು, ಆದರೆ ಅಷ್ಟೊತ್ತಿಗೆ ನಾಚಿಕೆಯಾಗಿ ಬರಲಿಲ್ಲ ಅಂದ.

ಹಾಗಾಗಿ ಬರುವ ಶನಿವಾರ ರಾತ್ರಿ ಒಂಬತ್ತೂವರೆ. ವಿನಾಯಕ ಆಟವನ್ನು ಮತ್ತೆ ಹಾಕಿಕೊಂಡಿದ್ದಾನೆ, ಡೌನ್‌ಲೋಡಿಗೆ ಎರಡು ರಾತ್ರಿ ಹಿಡಿಯಿತಂತೆ. ಮೊದಲ ಮ್ಯಾಚು ಪೊಚಿಂಕಿ ಅಂತ ಈಗಲೇ ಹಟ ಹಿಡಿದಿದ್ದಾನೆ. ನಾನು ಒಪ್ಪಿದ್ದೇನೆ, ಎರಡನೆಯದರಲ್ಲಿ ದೋಣಿ ನನ್ನದು ಅನ್ನುವ ಷರತ್ತಿನ ಮೇಲೆ. ನಿನ್ನ ಏಸ್ ಖಾತೆಯಲ್ಲಿ ಬರಬೇಡ, ಅಂಕ ಕಳೆದುಕೊಂಡು ಆಮೇಲೆ ನಮ್ಮ ಮೇಲೆ ಹಾರಾಡುತ್ತೀ. ಹೊಸದೊಂದು ಖಾತೆ ಮಾಡಿಕೋ, ಕಂಚಿನಿಂದ ಶುರುಮಾಡೋಣ. ಅಲ್ಲಿ ಅರ್ಧಕ್ಕರ್ಧ ಕಂಪ್ಯೂಟರ್ ಆಡಿಸುವ ಬಾಟುಗಳೇ, ಅವುಗಳ ಹೆಜ್ಜೆ ಸಪ್ಪಳ ಕೇಳಿಸದಿದ್ದರೂ ನಡೆಯುತ್ತದೆ.

ಗಣಪು ಮಾತಾಡುತ್ತಾನೆ. ಅಡಿಗೆಯವರು ಯಾರು, ಹೋಳಿಗೆ ಎಷ್ಟು, ಚಪ್ಪರ ಯಾವ ದಿಕ್ಕಿಗೆ ಅಂತ ಶುರುಮಾಡುತ್ತಾನೆ. ಮುಂಚೆಯೇ ಹೇಳಿದ್ದೇನೆ.

ನಿನ್ನ ಭಾವ ನೆನಪು ಹೇಳಿದ್ದಾರೆ. ಕೆಮ್ಮು ಬಿಟ್ಟಿತಾ? ಬಿಸಿನೀರು ಕುಡಿ.

ಇಂತಿ ನಿನ್ನ,
ಅಕ್ಕ

ಮರೆತಿದ್ದೆ: ಈ ಸಲದ ಚಕ್ಕುಲಿ ಬಸ್ಸಿನಲ್ಲಿ ಕಳಿಸಿದ್ದೇನೆ, ಒಂದು ಡಬ್ಬ. ಸುತ್ತಿದ್ದು ದೊಡ್ಡಪ್ಪನೇ. ಏಳು ಸುತ್ತು ಬಂದಿದೆ. ಶನಿವಾರ ಗಣಪು ಕೇಳಿದರೆ ನೀನೇ ಹೇಳು.